ಪ್ರಳಯದ ಮರುದಿನದ ಲೆಕ್ಕ

(ಮಂಗಳೂರಿನಲ್ಲಿ ಸಿನಿಮಾ ಮತ್ತು ಸರಣಿಗಳ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಲೋಕವೇ ಮುಗಿದ ಮೇಲೆ ಉಳಿದವರು ಏನು ಮಾಡುತ್ತಾರೆ ಎಂಬ ಕಥೆ ನಮಗೆ ಹೊಸತೇನಲ್ಲ. ಗದಾಪರ್ವದ ಯಕ್ಷಗಾನ ಆಟ ನೋಡಿದವರು ಅದನ್ನು ಕಂಡಿದ್ದೀರಿ. ರನ್ನನ ಗದಾಯುದ್ಧ ಓದಿದವರಿಗಂತೂ ಚೆನ್ನಾಗಿ ನೆನಪಿರುತ್ತದೆ. ಹನ್ನೊಂದು ಅಕ್ಷೋಹಿಣಿ ಸೈನ್ಯದ ಒಡೆಯ ದುರ್ಯೋಧನ ಸಂಜಯನೊಬ್ಬನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಹೀಗೆ ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ, ಒಬ್ಬೊಬ್ಬರ ಬಳಿಯೂ ಬೇರೆ ಬೇರೆ ಮಾತಾಡುತ್ತಾನೆ. ಯಾರು ಹೋದರು, ಏನು ಉಳಿಯಿತು, ಹೋದದ್ದರಲ್ಲಿ ತನ್ನ ಪಾಲೆಷ್ಟು ಎಂದು ಅವನು ಲೆಕ್ಕ ಹಾಕುತ್ತಿದ್ದಾನೆ.

ಇವತ್ತಿನ ಪ್ರಳಯೋತ್ತರ ಟಿವಿ ಸರಣಿಗಳನ್ನು ಸವಿಯುವ ದಾರಿಯೂ ಈ ಲೆಕ್ಕವೇ ಎಂದು ಹೇಳಲು ಬಂದಿದ್ದೇನೆ. ನಗರ ಕುಸಿಯುವ ದೃಶ್ಯ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದು ಯಾವ ಸರಣಿಯಲ್ಲಾದರೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮರುದಿನದಿಂದ ನೀರು ಎಲ್ಲಿಂದ ತರುತ್ತಾರೆ, ಪೆಟ್ರೋಲು ಎಷ್ಟು ತಿಂಗಳಿಗೆ ಸಾಕು, ಕಾಲಿನ ಬೂಟು ಯಾರದ್ದು, ಹಲ್ಲುನೋವು ಬಂದರೆ ಯಾರ ಹತ್ತಿರ ಹೋಗುತ್ತಾರೆ? ಇದನ್ನು ಗಮನಿಸುತ್ತ ಕೂತರೆ ಒಂದು ಸರಣಿಯ ಬರಹಗಾರರು ಎಷ್ಟು ಯೋಚಿಸಿದ್ದಾರೆ ಎಂದು ಎರಡೇ ಸಂಚಿಕೆಯಲ್ಲಿ ತಿಳಿಯುತ್ತದೆ. ಪಾತ್ರಗಳ ಕಷ್ಟವೂ ಆಗ ಹೆಚ್ಚು ತಟ್ಟುತ್ತದೆ.

ಲೆಕ್ಕವನ್ನೇ ಕಣ್ಣೆದುರು ಇಟ್ಟ ಸರಣಿ ಒಂದಿದೆ. 2004ರಿಂದ 2009ರವರೆಗೆ ಬಂದ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ. ಮನುಷ್ಯಕುಲದಲ್ಲಿ ಉಳಿದವರೆಲ್ಲ ಕೆಲವು ಬಾಹ್ಯಾಕಾಶ ಹಡಗುಗಳಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದಾರೆ. ಅಧ್ಯಕ್ಷೆಯ ಕೋಣೆಯಲ್ಲಿ ಒಂದು ಬಿಳಿ ಹಲಗೆ, ಅದರ ಮೇಲೆ ಬದುಕಿರುವವರ ಸಂಖ್ಯೆ. 50,298 ಎಂದು ಶುರುವಾಗುತ್ತದೆ. ಒಂದು ಹಡಗು ಹೋದರೆ ಅವರೇ ಕೈಯಾರೆ ಅಳಿಸಿ ಹೊಸ ಸಂಖ್ಯೆ ಬರೆಯುತ್ತಾರೆ. ಒಂದು ಮಗು ಹುಟ್ಟಿದರೆ ಒಂದು ಹೆಚ್ಚಾಗುತ್ತದೆ. ಆ ಒಂದಕ್ಕೆ ಎಷ್ಟು ತೂಕವಿದೆ ಎಂದು ತಿಳಿಯಬೇಕಾದರೆ ಹಿಂದಿನ ಸಂಖ್ಯೆಗಳನ್ನು ನೀವು ಗಮನಿಸಿರಬೇಕು.

ಒಂದು ನಿಯಮ ಮೊದಲೇ ಹೇಳುತ್ತೇನೆ. ಪ್ರತಿ ಸರಣಿಗೂ ಆರಂಭದಲ್ಲಿ ಒಂದು ಅಸಾಧ್ಯವನ್ನು ಒಪ್ಪಿಬಿಡಿ. ಸತ್ತವರು ಎದ್ದು ನಡೆಯುತ್ತಾರೆ, ಸರಿ. ಶಿಲೀಂಧ್ರ ಮನುಷ್ಯನ ಮೆದುಳನ್ನು ಹಿಡಿಯುತ್ತದೆ, ಸರಿ. ಅದರ ಮೇಲೆ ವಾದ ಬೇಡ. ಆದರೆ ಆ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮ ಲೋಕದ ಹಾಗೆಯೇ ನಡೆಯಬೇಕು. ಹಸಿವು, ತುಕ್ಕು, ಜ್ವರ, ದೂರ ಇವಕ್ಕೆ ವಿನಾಯಿತಿ ಇಲ್ಲ.

ಮೊದಲು ಪೆಟ್ರೋಲಿನ ವಿಷಯ. ಈ ಪ್ರಕಾರದ ಅತಿ ದೊಡ್ಡ ಸುಳ್ಳು ಇಲ್ಲೇ ಇರುವುದು. ಹತ್ತು ವರ್ಷ ನಿಂತ ಕಾರಿಗೆ ಕೀಲಿ ತಿರುಗಿಸುತ್ತಾರೆ, ಅದು ಹೊರಟೇ ಬಿಡುತ್ತದೆ. ನಿಜದಲ್ಲಿ ಏನಾಗುತ್ತದೆ? ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬೇಗ ಹೊತ್ತಿಕೊಳ್ಳುವ ಹಗುರ ಭಾಗಗಳೇ ಮೊದಲು ಆವಿಯಾಗಿ ಹೋಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟು ಅಂಟಾಗುತ್ತದೆ, ಆ ಅಂಟು ಇಂಜೆಕ್ಟರ್ ಮತ್ತು ಫಿಲ್ಟರುಗಳನ್ನು ಕಟ್ಟುತ್ತದೆ. ಚೆನ್ನಾಗಿ ಮುಚ್ಚಿದ ಡಬ್ಬಿಯಲ್ಲಿ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದು ಇಟ್ಟುಕೊಳ್ಳಿ. ಎಥನಾಲ್ ಬೆರೆಸಿದ್ದಾದರೆ ಇನ್ನೂ ಕಡಿಮೆ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಇರುವ ಪೆಟ್ರೋಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಜುಲೈ ತಿಂಗಳ ಮಂಗಳೂರಿನ ಗಾಳಿಯಲ್ಲಿ ಅದಕ್ಕೆ ಹೆಚ್ಚು ಕಾಯಬೇಕಾಗಿಲ್ಲ. ಡೀಸೆಲ್ ಸ್ವಲ್ಪ ಹೆಚ್ಚು ಬಾಳುತ್ತದೆ, ಆದರೆ ತಳದಲ್ಲಿ ನೀರು ಸೇರಿದರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಇಂಧನದ ಮಾತು ಬಿಡಿ, ಸುಮ್ಮನೆ ನಿಂತ ಕಾರಿನ ಸೀಸ-ಆಮ್ಲದ ಬ್ಯಾಟರಿ ಕೆಲವೇ ತಿಂಗಳಲ್ಲಿ ಸತ್ತುಹೋಗುತ್ತದೆ.

ಇಷ್ಟು ತಿಳಿದು 2023ರ ದಿ ಲಾಸ್ಟ್ ಆಫ್ ಅಸ್ ನೋಡಿ. ನಾಲ್ಕನೆಯ ಸಂಚಿಕೆಯಲ್ಲಿ ಕಥಾನಾಯಕ ಜೋಯಲ್ ಹಳೆಯ ವಾಹನಗಳಿಂದ ಪೆಟ್ರೋಲು ಎಳೆಯುತ್ತಿರುವಾಗ ಜೊತೆಗಿರುವ ಎಲೀ ಎಂಬ ಹುಡುಗಿಗೆ ವಿವರಿಸುತ್ತಾನೆ: ಇಷ್ಟು ವರ್ಷ ನಿಂತ ಇಂಧನ ಹೆಚ್ಚುಕಡಿಮೆ ನೀರಾಗಿದೆ, ಮೊದಲು ಗಂಟೆಗಟ್ಟಲೆ ಓಡುತ್ತಿದ್ದ ಗಾಡಿ ಈಗ ಒಂದು ಗಂಟೆ ಓಡಿದರೆ ಹೆಚ್ಚು. ಇಪ್ಪತ್ತು ವರ್ಷದ ಪೆಟ್ರೋಲು ಅಷ್ಟೂ ಓಡಲಾರದು, ಅದು ನಿಜ. ಆದರೂ ಬರಹಗಾರರು ಲೆಕ್ಕ ಒಪ್ಪಿಸಿದ್ದಾರೆ, ಅಷ್ಟೇ ಅಲ್ಲ, ಆ ಕೊರತೆಯನ್ನೇ ಕಥೆಗೆ ಬಳಸಿದ್ದಾರೆ. ಪದೇ ಪದೇ ನಿಲ್ಲಬೇಕಾದ್ದರಿಂದಲೇ ಆ ಇಬ್ಬರು ಮಾತಾಡಬೇಕಾಗುತ್ತದೆ.

ಸತ್ತವರು ಎದ್ದು ನಡೆಯುವ ದಿ ವಾಕಿಂಗ್ ಡೆಡ್ ಈ ಲೆಕ್ಕಕ್ಕೆ ಬರಲು ಹೆಚ್ಚು ಕಾಲ ತೆಗೆದುಕೊಂಡಿತು. 2010ರ ಅಕ್ಟೋಬರ್ 31ರಿಂದ 2022ರ ನವೆಂಬರ್ 20ರವರೆಗೆ 11 ಸೀಸನ್, 177 ಸಂಚಿಕೆ. ಬಹಳ ಸೀಸನ್‌ಗಳವರೆಗೆ ವಾಹನಗಳು ಧಾರಾಳವಾಗಿ ಓಡಾಡಿದವು, ಹುಲ್ಲುಹಾಸುಗಳು ನಿನ್ನೆ ಕತ್ತರಿಸಿದಂತೆ ಇದ್ದವು. ಆದರೆ ಒಂಬತ್ತನೆಯ ಸೀಸನ್‌ನ ಮೊದಲ ಸಂಚಿಕೆಗೆ ಬನ್ನಿ. ಉಳಿದವರ ಗುಂಪು ವಾಷಿಂಗ್ಟನ್‌ನ ಒಂದು ಮ್ಯೂಸಿಯಂಗೆ ಹೋಗುತ್ತದೆ. ಚಿನ್ನಕ್ಕಾಗಿ ಹೋದದ್ದಲ್ಲ, ಬಂದೂಕಿಗಾಗಿಯೂ ಅಲ್ಲ. ಪ್ರದರ್ಶನಕ್ಕಿಟ್ಟ ಹಳೆಯ ಕುದುರೆಗಾಡಿ, ನೇಗಿಲು, ದೋಣಿ ಬೇಕಾಗಿವೆ. ಇಂಜಿನ್ ಇಲ್ಲದ ಕಾಲದ ಸಾಮಾನು ಈಗ ಗಾಜಿನ ಹಿಂದೆ ಮಾತ್ರ ಉಂಟು, ಅದನ್ನು ಹೊರಗೆ ತರಬೇಕು. ಆ ಸರಣಿಯಲ್ಲಿ ಅತಿ ಒಳ್ಳೆಯ ಯೋಚನೆ ಅದು ಎಂದು ನನ್ನ ಅಭಿಪ್ರಾಯ. ಇನ್ನೊಂದು ವಿಷಯದಲ್ಲಿ ಅವರು ಮೊದಲಿನಿಂದಲೂ ನಿಯತ್ತಿನಿಂದ ಇದ್ದರು. ಗ್ರೆಗ್ ನಿಕೊಟೆರೊ ಅವರ ಮೇಕಪ್ ತಂಡ ವರ್ಷದಿಂದ ವರ್ಷಕ್ಕೆ ನಡೆಯುವ ಹೆಣಗಳನ್ನು ಹೆಚ್ಚು ಸೊರಗಿಸುತ್ತ, ಕೊಳೆಯಿಸುತ್ತ ಹೋಯಿತು. ಮೊದಲ ಸೀಸನ್‌ನ ಒಂದು ಮುಖವನ್ನೂ ಎಂಟನೆಯ ಸೀಸನ್‌ನ ಒಂದು ಮುಖವನ್ನೂ ಅಕ್ಕಪಕ್ಕ ಇಟ್ಟು ನೋಡಿ, ನಡುವೆ ಎಷ್ಟು ಕಾಲ ಸಂದಿದೆ ಎಂದು ಯಾರೂ ಹೇಳದೆ ತಿಳಿಯುತ್ತದೆ.

ಕರೆಂಟಿನ ಲೆಕ್ಕ ಸುಲಭ. ನಮ್ಮ ಗ್ರಿಡ್ 50 ಹರ್ಟ್ಸ್‌ನಲ್ಲಿ ಓಡುತ್ತದೆ. ಉತ್ಪಾದನೆಗೂ ಬಳಕೆಗೂ ತಾಳೆ ತಪ್ಪಿದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾದದ್ದು ಎಲ್ಲ ಸಿಬ್ಬಂದಿ ಕೆಲಸದಲ್ಲಿ ಇರುವಾಗಲೇ. ಸಿಬ್ಬಂದಿಯೇ ಇಲ್ಲದಿದ್ದರೆ ವಾರಗಟ್ಟಲೆ ದೀಪ ಉರಿಯುವ ಮಾತಿಲ್ಲ. ಮದ್ದಿನ ಲೆಕ್ಕ ಇನ್ನೂ ಕಠಿಣ. ಇನ್ಸುಲಿನನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಹೊರಗಿಟ್ಟರೆ ಸುಮಾರು ನಾಲ್ಕು ವಾರ. ಸರಣಿಯಲ್ಲಿ ಸಕ್ಕರೆ ಕಾಯಿಲೆಯ ಪಾತ್ರವೊಂದು ಬಂದ ಕೂಡಲೇ ಫ್ರಿಜ್ ಎಲ್ಲಿದೆ ಎಂದು ಹುಡುಕಿ.

ಈಗ ಪಾಳು ಕಟ್ಟಡಗಳ ಕಡೆ. ಕಥೆ ಹತ್ತು ವರ್ಷ ಮುಂದೆ ಹೋಯಿತು ಎಂದು ಪರದೆಯ ಮೇಲೆ ಅಕ್ಷರದಲ್ಲಿ ಬರೆದರೆ ಸಾಲದು, ಗೋಡೆ ಅದನ್ನು ಹೇಳಬೇಕು. ಅಮೆರಿಕದ ಒಣ ಊರುಗಳಲ್ಲಿ ಮನೆ ನಿಧಾನಕ್ಕೆ ಹಾಳಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3500ರಿಂದ 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಂದು ಹಂಚಿನ ಮನೆಯನ್ನು ಬಿಟ್ಟು ಹೋದರೆ ಏನಾಗುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಮೊದಲ ವರ್ಷ ತೆಂಗಿನ ಸೋಗೆಯೋ ಮಂಗವೋ ಬಿದ್ದು ನಾಲ್ಕು ಹಂಚು ಜರಗುತ್ತವೆ. ನೀರು ಹಂಚು ಹೊರುವ ಮರದ ಪಟ್ಟಿಯ, ಅಂದರೆ ರೀಪಿನ ಮೇಲೆ ಹನಿಯುತ್ತದೆ. ಒದ್ದೆ ರೀಪಿಗೆ ಗೆದ್ದಲು ಹತ್ತುತ್ತದೆ, ರೀಪು ಬಾಗಿದಾಗ ಇಡೀ ಸಾಲಿನ ಹಂಚು ಕೆಳಕ್ಕೆ ಜಾರುತ್ತದೆ. ಮಾಡು ಬಿದ್ದ ಮೇಲೆ ಮಣ್ಣಿನ ಗಾರೆ ಕರಗಿ ಮುರಕಲ್ಲಿನ ಗೋಡೆಯ ಸಂದಿಗಳು ತೆರೆದುಕೊಳ್ಳುತ್ತವೆ, ಅದರಲ್ಲಿ ಅಶ್ವತ್ಥದ ಗಿಡ ಬೇರು ಬಿಡುತ್ತದೆ. ಕಾಂಕ್ರೀಟಿನ ಕಟ್ಟಡ ಬಾಳುತ್ತದೆ ಎಂದುಕೊಳ್ಳಬೇಡಿ. ಕಡಲ ಗಾಳಿಯ ಉಪ್ಪು ಒಳಗಿನ ಕಬ್ಬಿಣವನ್ನು ತಲಪಿದರೆ ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿದ ಸರಳು ಸ್ಲ್ಯಾಬಿನ ಸಿಮೆಂಟನ್ನು ಕೆಳಕ್ಕೆ ಉದುರಿಸುತ್ತದೆ. ಹಾಗಾಗಿ ಪಾಳು ನಗರದ ದೃಶ್ಯ ಬಂದಾಗ ಮಾಡು, ಕಿಟಕಿಯ ಕೆಳಗಿನ ಗೋಡೆ, ಚರಂಡಿ ಈ ಮೂರು ಕಡೆ ನೋಡಿ. ನೀರು ಹರಿದ ಗುರುತು ಅಲ್ಲಿ ಇರಬೇಕು. ಎಲ್ಲ ಗೋಡೆಯ ಮೇಲೂ ಒಂದೇ ಅಳತೆಯಲ್ಲಿ ಹಸುರು ಬಳ್ಳಿ ಅಂಟಿಸಿದ್ದರೆ ಅದು ಆರ್ಟ್ ವಿಭಾಗದ ಅವಸರ.

ಯಾವ ಸರಣಿಯಲ್ಲಿ ಯಂತ್ರದ ಲೆಕ್ಕ ಚೆನ್ನಾಗಿದೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. 2023ರಲ್ಲಿ ಶುರುವಾದ ಸೈಲೊ. ನೆಲದ ಕೆಳಗೆ 144 ಅಂತಸ್ತು, ಸುಮಾರು 10,000 ಜನ, ಲಿಫ್ಟ್ ಇಲ್ಲ, ನಡುವೆ ಒಂದೇ ಸುರುಳಿ ಮೆಟ್ಟಿಲು. ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರ, ಹೊರೆ ಹೊರುವವರ ಕಸುಬು, ಸುದ್ದಿ ತಲಪುವ ವೇಗ ಎಲ್ಲವೂ ಆ ಮೆಟ್ಟಿಲಿನಿಂದಲೇ ಬರುತ್ತದೆ. ಮೂರನೆಯ ಸಂಚಿಕೆಯಲ್ಲಿ ಜನರೇಟರ್ ನಿಲ್ಲಿಸಿ ಬಾಗಿದ ಬ್ಲೇಡ್ ಸರಿಪಡಿಸಬೇಕು, ಆದರೆ ನಿಲ್ಲಿಸಿದ ಕ್ಷಣದಿಂದ ಹಬೆಯ ಒತ್ತಡ ಏರುತ್ತ ಹೋಗುತ್ತದೆ. ಖಳನಿಲ್ಲದ ಒಂದು ರಿಪೇರಿಯ ಮೇಲೆಯೇ ಸಂಚಿಕೆಯ ಬಹುಪಾಲು ನಿಲ್ಲುತ್ತದೆ. ಈ ಪ್ರಕಾರಕ್ಕೆ ಹೊಸಬರಾದವರಿಗೆ ಧೈರ್ಯವಾಗಿ ತೋರಿಸಬಹುದಾದ ಸಂಚಿಕೆ.

ದಿ ಲಾಸ್ಟ್ ಆಫ್ ಅಸ್‌ಗೆ ಮತ್ತೆ ಬರುತ್ತೇನೆ, ಎರಡನೆಯ ಸಲ ನೋಡಲು ಅಷ್ಟು ಯೋಗ್ಯವಾದ ಮೊದಲ ಸಂಚಿಕೆ ಅಪರೂಪ. 2013ರ ವಿಡಿಯೊ ಗೇಮನ್ನು ಆಧರಿಸಿ ಕ್ರೇಗ್ ಮೇಜಿನ್ ಮತ್ತು ನೀಲ್ ಡ್ರಕ್‌ಮನ್ ಮಾಡಿದ್ದು. ಕಥೆ 1968ರ ಒಂದು ಟಿವಿ ಚರ್ಚೆಯಿಂದ ಶುರುವಾಗುತ್ತದೆ. ಮೈಯ ಬಿಸಿ 94 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಶಿಲೀಂಧ್ರ ಉಳಿಯುವುದಿಲ್ಲ, ಆದರೆ ಭೂಮಿಯೇ ಸ್ವಲ್ಪ ಬಿಸಿಯಾದರೆ, ಎಂದು ವಿಜ್ಞಾನಿಯೊಬ್ಬರು ಕೇಳುತ್ತಾರೆ. ಕಥೆಯ ಶಿಲೀಂಧ್ರ ಕಾರ್ಡಿಸೆಪ್ಸ್. ಅದರ ಬಳಗದ ಜಾತಿಯೊಂದು ಇರುವೆಯ ಮೈಹೊಕ್ಕು, ಅದನ್ನು ಎಲೆಯ ಮೇಲೇರಿಸಿ ಕಚ್ಚಿ ಹಿಡಿಯುವಂತೆ ಮಾಡಿ ಕೊಲ್ಲುವುದು ನಿಜ. ಮನುಷ್ಯನ ಮೈಯಲ್ಲಿ ಅದು ಬೆಳೆಯುವುದಿಲ್ಲ. ಆದರೆ 2021ರಲ್ಲಿ ಕಪ್ಪು ಶಿಲೀಂಧ್ರದ ಭಯ ಕಂಡ ನಮಗೆ ಆ ಚರ್ಚೆ ಬರೀ ಕಲ್ಪನೆ ಅನಿಸುವುದಿಲ್ಲ. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರದ ಬಗ್ಗೆಯೂ ವಿಜ್ಞಾನಿಗಳು ಇದೇ ಪ್ರಶ್ನೆ ಎತ್ತಿದ್ದಾರೆ: ಏರುತ್ತಿರುವ ತಾಪಕ್ಕೆ ಹೊಂದಿಕೊಂಡೇ ಅದು ಮನುಷ್ಯನ ಮೈಗೂ ಬಂತೇ?

ಎರಡನೆಯ ಸಲ ನೋಡುವಾಗ ಹಿಟ್ಟಿನ ಮೇಲೆ ಕಣ್ಣಿಡಿ. (ಸರಣಿ ನೋಡದವರು ಮುಂದಿನ ಕೆಲವು ವಾಕ್ಯ ಬಿಟ್ಟು ಓದಬಹುದು.) ಬೆಳಿಗ್ಗೆ ಮಗಳು ಸಾರಾ ಅಪ್ಪನ ಹುಟ್ಟುಹಬ್ಬಕ್ಕೆ ಪ್ಯಾನ್‌ಕೇಕ್ ಮಾಡಬೇಕೆಂದಿದ್ದಾಳೆ, ಮನೆಯಲ್ಲಿ ಹಿಟ್ಟಿಲ್ಲ. ಪಕ್ಕದ ಮನೆಯವರು ಬಿಸ್ಕಿಟ್ ಕೊಡಲು ಬರುತ್ತಾರೆ, ಜೋಯಲ್ ತಾನು ಪಥ್ಯದಲ್ಲಿದ್ದೇನೆ ಎನ್ನುತ್ತಾನೆ. ಮಧ್ಯಾಹ್ನ ಕುಕೀ ಎದುರಿಗೆ ಬರುತ್ತದೆ, ಸಾರಾಗೆ ಅದು ಬೇಡ. ಸಂಜೆ ಕೇಕ್ ತರಲು ಜೋಯಲ್ ಮರೆಯುತ್ತಾನೆ. ಬೆಳಗಿನ ರೇಡಿಯೊದಲ್ಲಿ ಜಕಾರ್ತದ ಗಲಭೆಯ ಸುದ್ದಿ ಹಾದುಹೋಗುತ್ತದೆ. ಎರಡನೆಯ ಸಂಚಿಕೆ ಜಕಾರ್ತದ ಹಿಟ್ಟಿನ ಗಿರಣಿಯ ಮಾತು ತೆಗೆದು, ಮೂರನೆಯದರಲ್ಲಿ ಆಹಾರದ ಮೂಲಕ ಹರಡಿದ ಊಹೆಯನ್ನು ಜೋಯಲ್ ಬಾಯಿಬಿಟ್ಟು ಹೇಳುವಾಗ ಆ ತಿಂಡಿಗಳೆಲ್ಲ ಒಟ್ಟಾಗಿ ನೆನಪಿಗೆ ಬರುತ್ತವೆ. ಒಂದು ಮನೆ ಸೋಂಕಿನಿಂದ ಪಾರಾದದ್ದು ಜಾಣತನದಿಂದ ಅಲ್ಲ, ಅಂದು ಯಾರೂ ಮೈದಾ ತಿನ್ನದ್ದರಿಂದ. ಇದನ್ನು ಎಲ್ಲಿಯೂ ಒತ್ತಿ ಹೇಳದೆ ಬಿಟ್ಟಿರುವುದು ಎಷ್ಟು ದೊಡ್ಡ ಸಂಯಮ!

ಸ್ಟೇಷನ್ ಇಲೆವೆನ್ ಬಗ್ಗೆ ಮಾತಾಡಲು ಯಕ್ಷಗಾನದ ನಾಡಿಗಿಂತ ಒಳ್ಳೆಯ ಜಾಗ ಇಲ್ಲ. ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಅವರ 2014ರ ಕಾದಂಬರಿಯನ್ನು ಪ್ಯಾಟ್ರಿಕ್ ಸೋಮರ್‌ವಿಲ್ ಸರಣಿಗೆ ತಂದರು, 2021ರ ಡಿಸೆಂಬರಿನಿಂದ 2022ರ ಜನವರಿಯವರೆಗೆ ಹತ್ತು ಸಂಚಿಕೆಗಳಲ್ಲಿ ಬಂತು. ಜ್ವರವೊಂದು ಮನುಷ್ಯರನ್ನು ಬಹುಪಾಲು ಅಳಿಸಿ ಇಪ್ಪತ್ತು ವರ್ಷ ಕಳೆದಿದೆ. ಮಿಷಿಗನ್ ಸರೋವರದ ಸುತ್ತ ನಟರೂ ವಾದ್ಯಗಾರರೂ ಸೇರಿದ ಒಂದು ತಂಡ ಕುದುರೆ ಕಟ್ಟಿದ ಗಾಡಿಗಳಲ್ಲಿ ಊರೂರಿಗೆ ಹೋಗಿ ಶೇಕ್ಸ್‌ಪಿಯರ್ ಆಡುತ್ತದೆ. ಪ್ರತಿ ವರ್ಷ ಅದೇ ಸುತ್ತು, ಅದೇ ಊರುಗಳು. ಕೇಳುತ್ತಿದ್ದ ಹಾಗೆ ಮೇಳದ ತಿರುಗಾಟ ನೆನಪಾಗಲೇಬೇಕು. ದೀಪಾವಳಿಯ ನಂತರ ಹೊರಟ ಮೇಳ ಮೇ ತಿಂಗಳಲ್ಲಿ ಬರುವ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನಕ್ಕೆ, ಗೆಜ್ಜೆ ಬಿಚ್ಚುವವರೆಗೆ ಪೆಟ್ಟಿಗೆ ಹೊತ್ತು ದಿನಕ್ಕೊಂದು ಊರು ಸುತ್ತುತ್ತದಲ್ಲ, ಆ ಶಿಸ್ತು.

ಹೊರನಾಡಿನ ವಿಮರ್ಶಕರು ಆ ತಂಡವನ್ನು ಕಲೆಯ ಮಹಿಮೆಯ ಸಂಕೇತ ಎಂದು ಹೊಗಳಿ ಮುಂದೆ ಹೋಗುತ್ತಾರೆ. ನಾವು ಹಾಗೆ ನೋಡಬೇಕಾಗಿಲ್ಲ. ವೇಷ ಕಟ್ಟುವ ಚೌಕಿಯನ್ನು ಹತ್ತಿರದಿಂದ ಬಲ್ಲವರು ಕೆಲಸವನ್ನು ನೋಡುತ್ತೀರಿ. ವೇಷದ ಸಾಮಾನು ಯಾರ ಜವಾಬ್ದಾರಿ? ಮಳೆ ಬಂದರೆ ವಾದ್ಯಕ್ಕೆ ಏನು ಹೊದಿಸುತ್ತಾರೆ? ಮಳೆಗಾಲದ ಶೀತಕ್ಕೆ ಚೆಂಡೆಯ ಚರ್ಮ ಸಡಿಲಾಗುತ್ತದೆ ಎಂದು ತಿಳಿದವರಿಗೆ, ಪಿಟೀಲಿನ ತಂತಿ ಕಡಿದರೆ ಇಪ್ಪತ್ತನೆಯ ವರ್ಷದಲ್ಲಿ ಹೊಸದು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಉಡುಪುಗಳನ್ನು ನಿಲ್ಲಿಸಿ ನೋಡಿ, ಹಳೆಯ ಲೋಕದ ಕಸದಿಂದಲೇ ಅವನ್ನು ಕಟ್ಟಿದ್ದಾರೆ. ಹ್ಯಾಮ್ಲೆಟ್ ಆಡುವ ದೃಶ್ಯದಲ್ಲಿ ಮಾತಿನ ಅರ್ಥಕ್ಕಿಂತ ನಟಿಯ ಮನಸ್ಸಿನಲ್ಲಿ ಅದೇ ಹೊತ್ತಿಗೆ ಓಡುವ ಬಾಲ್ಯ ಮುಖ್ಯ. ಪ್ರಸಂಗದ ಪಾತ್ರ ಮತ್ತು ವೇಷಧಾರಿ ಇಬ್ಬರನ್ನೂ ಒಟ್ಟಿಗೆ ನೋಡುವ ಅಭ್ಯಾಸ ನಮ್ಮ ಪ್ರೇಕ್ಷಕರಿಗೆ ಉಂಟು, ಇಲ್ಲಿ ಅದು ಪೂರ್ತಿ ಕೆಲಸಕ್ಕೆ ಬರುತ್ತದೆ.

ಈ ಸರಣಿಯನ್ನು ಅರ್ಧಕ್ಕೆ ಬಿಟ್ಟವರು ಹೆಚ್ಚಾಗಿ ಕಾಲದ ಗೊಂದಲಕ್ಕೆ ಬಿಟ್ಟವರು. ಕಥೆ ಹಿಂದೆ ಮುಂದೆ ಜಿಗಿಯುತ್ತದೆ. ಒಂದು ಚೀಟಿಯಲ್ಲಿ ಮೂರು ಸಾಲು ಹಾಕಿಕೊಳ್ಳಿ: ಜ್ವರಕ್ಕೆ ಮೊದಲು, ಮೊದಲ ವರ್ಷ, ಇಪ್ಪತ್ತನೆಯ ವರ್ಷ. ಯಾರು ಯಾವ ಸಾಲಿನಲ್ಲಿ ಕಂಡರು ಎಂದು ಹೆಸರು ಬರೆಯಿರಿ. ಮೂರನೆಯ ಸಂಚಿಕೆ ಮುಖ್ಯ ಕಥೆಯನ್ನು ಬಿಟ್ಟು ಮಿರಾಂಡಾ ಎಂಬವಳ ಹಿಂದೆ ಹೋಗುತ್ತದೆ. ಅಲ್ಲಿ ಬೇಸರಪಟ್ಟು ಮುಂದೆ ಓಡಿಸಿದರೆ ಕೊನೆಯ ಎರಡು ಸಂಚಿಕೆ ಕೈಗೆ ಸಿಗುವುದಿಲ್ಲ.

ಹಳೆಯ ಬ್ರಿಟಿಷ್ ಕೃತಿಗಳನ್ನು ಎರಡೇ ಮಾತಲ್ಲಿ ಹೇಳುತ್ತೇನೆ. ಟೆರಿ ನೇಷನ್ ರೂಪಿಸಿದ ಸರ್ವೈವರ್ಸ್ 1975ರಿಂದ 1977ರವರೆಗೆ ಬಿಬಿಸಿಯಲ್ಲಿ 38 ಸಂಚಿಕೆ ಬಂತು. ಕೈಯಿಂದ ಜಾರಿ ಒಡೆಯುವ ಒಂದು ಗಾಜಿನ ಪಾತ್ರೆ, ಆಮೇಲೆ ಪಾಸ್‌ಪೋರ್ಟಿನ ಮೇಲೆ ಬೀಳುವ ಮುದ್ರೆಗಳು: ರೋಗ ಹಬ್ಬಿದ ಬಗೆಯನ್ನೆಲ್ಲ ಶೀರ್ಷಿಕೆಯ ಹೊತ್ತಿನಲ್ಲೇ ಮುಗಿಸಿಬಿಡುತ್ತದೆ. ಅದಕ್ಕೇ ಹೇಳುವುದು, ‘ಸ್ಕಿಪ್ ಇಂಟ್ರೊ’ ಒತ್ತಬೇಡಿ. ಕೊನೆಯ ಸಂಚಿಕೆ ಸ್ಕಾಟ್‌ಲೆಂಡಿನ ಜಲವಿದ್ಯುತ್ ಸ್ಥಾವರವೊಂದನ್ನು ಮತ್ತೆ ನಡೆಸುವ ಬಗ್ಗೆ. 1984ರ ಥ್ರೆಡ್ಸ್ ಸರಣಿಯಲ್ಲ, ಶೆಫೀಲ್ಡ್ ನಗರದ ಮೇಲೆ ಅಣುಬಾಂಬು ಬಿದ್ದ ಮೇಲಿನ ಹದಿಮೂರು ವರ್ಷಗಳನ್ನು ತೋರಿಸುವ ಟಿವಿ ಚಿತ್ರ. ಅದರಲ್ಲಿ ಯಾವ ಸಮಾಧಾನವೂ ಇಲ್ಲ. ಮಕ್ಕಳಿಗೆ ಖಂಡಿತ ಬೇಡ, ದೊಡ್ಡವರೂ ರಾತ್ರಿ ಮಲಗುವ ಮೊದಲು ನೋಡಬೇಡಿ. ಭಾರತದ್ದು ಬೇಕೆಂದವರಿಗೆ 2023ರ ಕಾಲಾ ಪಾನಿ ಉಂಟು, ಏಳು ಸಂಚಿಕೆ. ಅದು ಪ್ರಳಯದ ನಂತರದ್ದಲ್ಲ, ಅಂಡಮಾನಿನಲ್ಲಿ ಸಾಂಕ್ರಾಮಿಕ ಹಬ್ಬುತ್ತಿರುವಾಗಿನ ಕಥೆ. ಆದರೂ ನೀರಿನ ಲೆಕ್ಕ ಅದರ ನಡುವೆಯೇ ಇದೆ.

ಇನ್ನು ನೋಡುವ ಏರ್ಪಾಟು. ಈ ಸರಣಿಗಳಲ್ಲಿ ಅರ್ಧಕ್ಕರ್ಧ ದೃಶ್ಯ ಟಾರ್ಚಿನ ಬೆಳಕಲ್ಲಿ ನಡೆಯುತ್ತವೆ, ಹೊಸ ಟಿವಿ ಅಂಗಡಿಯಿಂದ ಬಂದ ಹಾಗೆಯೇ ಇದ್ದರೆ ಏನೂ ಕಾಣುವುದಿಲ್ಲ. ಪಿಕ್ಚರ್ ಮೋಡನ್ನು ‘ವಿವಿಡ್’ನಿಂದ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ತನ್ನಿ. ಕರೆಂಟ್ ಉಳಿಸುವ ಎನರ್ಜಿ ಸೇವಿಂಗ್ ಆಯ್ಕೆಯನ್ನು ಬಂದ್ ಮಾಡಿ, ಅದು ಕತ್ತಲ ದೃಶ್ಯವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಮೋಷನ್ ಸ್ಮೂದಿಂಗ್ ತೆಗೆಯಿರಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರಿಸಿದ್ದರ ನಡುವೆ ಟಿವಿ ತಾನೇ ಹೊಸ ಚೌಕಟ್ಟು ತುಂಬಿಸುವುದರಿಂದ ಪಾಳು ನಗರವೂ ಸ್ಟುಡಿಯೊ ಸೆಟ್ಟಿನಂತೆ ಕಾಣುತ್ತದೆ. ಟ್ಯೂಬ್‌ಲೈಟ್ ಆರಿಸಿ ಟಿವಿಯ ಹಿಂದೆ ಒಂದು ಸಣ್ಣ ಬಲ್ಬು ಇಡಿ. ಕತ್ತಲ ಭಾಗ ಚೌಕ ಚೌಕವಾಗಿ ಒಡೆದರೆ ತಪ್ಪು ಟಿವಿಯದ್ದಲ್ಲ, ಇಂಟರ್ನೆಟ್ ವೇಗದ್ದು. ಫುಲ್ ಎಚ್‌ಡಿಗೆ 5, 4ಕೆಗೆ 15 ಎಂಬಿಪಿಎಸ್ ನಿರಂತರ ಬೇಕು.

ಮಾತು ಕೇಳಿಸುವುದಿಲ್ಲ ಎಂಬುದು ಎಲ್ಲರ ದೂರು. ತೆಳು ಟಿವಿಯ ಸ್ಪೀಕರ್ ಕೆಳಮುಖವಾಗಿರುತ್ತದೆ. ಜೊತೆಗೆ ಆರು ಸ್ಪೀಕರುಗಳಿಗೆಂದು ಹಂಚಿದ 5.1 ಧ್ವನಿಯಲ್ಲಿ ಮಾತು ಇರುವುದು ನಡುವಿನ ಚಾನೆಲ್‌ನಲ್ಲಿ, ಎರಡೇ ಸ್ಪೀಕರಿಗೆ ಇಳಿಸುವಾಗ ಅದು ಹಿನ್ನೆಲೆಯ ಸದ್ದಿನಲ್ಲಿ ಮುಳುಗುತ್ತದೆ. ಆಡಿಯೊ ಪಟ್ಟಿಯಲ್ಲಿ ಸ್ಟೀರಿಯೊ ಇದ್ದರೆ ಅದನ್ನೇ ಆರಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಹೆಡ್‌ಫೋನ್ ಬಿಟ್ಟರೆ ಬೇರೆ ದಾರಿ ಇಲ್ಲ. ಕರೆಂಟ್ ಹೋಗುವ ದಿನಗಳಿಗೆ ಮೊಬೈಲಿಗೋ ಟ್ಯಾಬಿಗೋ ಮೊದಲೇ ಇಳಿಸಿಕೊಳ್ಳಿ. ಕೆಲವು ಸಂಚಿಕೆಗಳು ಒಮ್ಮೆ ಪ್ಲೇ ಒತ್ತಿದ 48 ಗಂಟೆಗೆ ಅಳಿಸಿಹೋಗುತ್ತವೆ, ಮುಗಿಸುವ ಸಮಯ ಇದ್ದಾಗಲೇ ಶುರುಮಾಡಿ.

ದಿನಕ್ಕೆ ಎರಡು ಸಂಚಿಕೆಗಿಂತ ಹೆಚ್ಚು ಬೇಡ. ಈ ಸರಣಿಗಳು ಸಂಚಿಕೆಗಳ ನಡುವೆ ತಿಂಗಳು, ವರ್ಷಗಳನ್ನು ದಾಟಿಸುತ್ತವೆ, ನೋಡುವವರಿಗೂ ಒಂದು ರಾತ್ರಿಯಾದರೂ ನಡುವೆ ಸಿಗಬೇಕು. ಹೊಸಬರು ದಿ ಲಾಸ್ಟ್ ಆಫ್ ಅಸ್‌ನ ಮೊದಲ ಸೀಸನ್‌ನ ಒಂಬತ್ತು ಸಂಚಿಕೆಯಿಂದ ಶುರುಮಾಡಿ, ಆಮೇಲೆ ಸ್ಟೇಷನ್ ಇಲೆವೆನ್, ಆಮೇಲೆ ಸೈಲೊ. ದಿ ವಾಕಿಂಗ್ ಡೆಡ್‌ನ ಮೊದಲ ಸೀಸನ್ ಬರೀ ಆರು ಸಂಚಿಕೆ, ಅಷ್ಟನ್ನು ನೋಡಿ ಮುಂದಿನ 171ರ ಬಗ್ಗೆ ನಿರ್ಧರಿಸಿ.

ಕೊನೆಗೆ ಬಂದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು: ಇಂಥ ಸರಣಿಯನ್ನು ನಮ್ಮ ಕರಾವಳಿಯಲ್ಲೇ ಮಾಡಿದರೆ ಲೆಕ್ಕ ಎಲ್ಲಿಂದ ಶುರುಮಾಡಬೇಕು?

ನೀರಿನಿಂದ. ಮಂಗಳೂರಿಗೆ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಎರಡೂ ಪಂಪಿನ ಮೇಲೆ ನಿಂತಿವೆ. ಕರೆಂಟ್ ನಿಂತರೆ ಫ್ಲ್ಯಾಟಿನ ಹತ್ತನೆಯ ಮಹಡಿಯವರು ಅದೇ ವಾರ ಕೆಳಗಿಳಿಯಬೇಕು, ಅಂಗಳದಲ್ಲಿ ಬಾವಿ ಇರುವ ಹಳೆಯ ಮನೆಗಳಿಗೆ ಒಮ್ಮೆಲೇ ಬೆಲೆ ಬರುತ್ತದೆ. ಅಲ್ಲಿಯೂ ರಾಟೆ, ಹಗ್ಗ, ಕೊಡ ಈಗ ಎಷ್ಟು ಮನೆಯಲ್ಲಿ ಉಳಿದಿವೆ? ಕಡಲ ಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲಿ ಒಂದು ವಿಚಿತ್ರ ಸಿರಿತನ ಇದೆ. ಕಾಪು ಬಳಿಯ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ದೇಶದ ತುರ್ತು ಸಂಗ್ರಹಗಳಿವೆ. ಆದರೆ ಅದು ಕಚ್ಚಾ ತೈಲ. ಸಂಸ್ಕರಣಾಗಾರ ಓಡದೆ ಒಂದು ಸ್ಕೂಟರಿಗೂ ಆಗದು. ಲಕ್ಷಗಟ್ಟಲೆ ಟನ್ ಎಣ್ಣೆಯ ಮೇಲೆ ಕೂತು ನಡೆದೇ ಹೋಗಬೇಕಾದ ಜನ, ಎರಡು ಸಂಚಿಕೆಗೆ ಬೇಕಾದ ಕಥೆ ಅಲ್ಲಿಯೇ ಉಂಟು. ಅಕ್ಕಿ, ತರಕಾರಿ ಘಟ್ಟದ ಮೇಲಿನಿಂದ ಬರಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಏನಾಗುತ್ತದೆ ಎಂದು ನಮಗೆ ಗೊತ್ತು, ಆದರೆ ಈ ಕಥೆಯಲ್ಲಿ ಮಣ್ಣು ತೆಗೆಯಲು ಯಾರೂ ಬರುವುದಿಲ್ಲ. ಬೈಹುಲ್ಲಿನಲ್ಲಿ ಅಕ್ಕಿಮುಡಿ ಕಟ್ಟಲು ಬಲ್ಲ ಹಿರಿಯರೊಬ್ಬರು ಆಗ ಊರಿಗೆ ದೊಡ್ಡ ಆಸ್ತಿ. ಒಂದು ಮುಡಿಗೆ 42 ಸೇರು. ಮನೆಗೆ ಎಷ್ಟು ಮುಡಿ, ಮಳೆಗಾಲಕ್ಕೆ ಎಷ್ಟು ಬಾಯಿ ಎಂಬ ಗುಣಾಕಾರವನ್ನು ಪಾತ್ರಗಳು ಮಾಡುವುದನ್ನು ತೋರಿಸಬೇಕು. ಮೀನಿಗೆ ಉಪ್ಪು ಬೇಕು, ಉಪ್ಪಿಗೆ ಬಿಸಿಲು ಬೇಕು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ತೆಗೆಯುವುದು ಬೇಸಿಗೆಯಲ್ಲಿ ಮಾತ್ರ.

ಹಾಗಾಗಿ ಪ್ರಳಯ ಯಾವ ತಿಂಗಳಲ್ಲಿ ಆಗುತ್ತದೆ ಎಂಬುದನ್ನು ಬರಹಗಾರರು ಮೊದಲು ತೀರ್ಮಾನಿಸಬೇಕು. ನನ್ನನ್ನು ಕೇಳಿದರೆ ಮೇ ತಿಂಗಳ ಮೂರನೆಯ ವಾರ. ನದಿ ಬತ್ತಿದೆ, ಬಾವಿಯ ತಳ ಕಾಣುತ್ತಿದೆ. ಮೇಳಗಳ ತಿರುಗಾಟ ಮುಗಿಯುವ ಹೊತ್ತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧಕ್ಕೆ ಮಲ್ಪೆಯ ಯಾಂತ್ರಿಕ ದೋಣಿಗಳು ಒಂದೊಂದಾಗಿ ದಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ಬರುತ್ತಿವೆ, ಡೀಸೆಲ್ ಟ್ಯಾಂಕು ಹೆಚ್ಚುಕಡಿಮೆ ಖಾಲಿ. ಮಳೆ ಬರಲು ಎರಡು ವಾರ ಇದೆ. ಹಂಚು ಯಾರು ಸರಿ ಮಾಡುತ್ತಾರೆ, ಸೌದೆ ಯಾರು ಒಳಗೆ ಹಾಕುತ್ತಾರೆ, ಒಣಮೀನು ಯಾರ ಮನೆಯಲ್ಲಿ ಎಷ್ಟಿದೆ ಎಂಬಲ್ಲಿಂದ ಮೊದಲ ಸಂಚಿಕೆ ಶುರುವಾಗಲಿ.